ಮುಂದಿನ ಹೆವಿವೇಟ್ ಎಲ್ಲಿಂದ ಬರ್ತಾನೆ?

ರಿಂಗ್‌ಸೈಡ್ ರಮೇಶ್:
ಬಾಕ್ಸಿಂಗ್‌ನ ಮುಂದಿನ ದೊಡ್ಡ ಹೆವಿವೇಟ್, ಅಂದ್ರೆ ಅತಿ ಭಾರದ ವರ್ಗದ ಬಾಕ್ಸರ್, ಯಾರು ಅಂತ ನಾವು ಪಟ್ಟಿ ಮಾಡ್ತಾನೇ ಇರ್ತೀವಿ, ವರ್ಷ ತುಂಬೋದ್ರೊಳಗೆ ಅರ್ಧ ಹೆಸರು ಬಿದ್ದುಹೋಗಿರುತ್ತೆ. ಈ ಸಲ ನನ್ನ ಪಟ್ಟಿಯಲ್ಲಿ ಇರೋದು ಒಂದೇ ಹೆಸರು: ಮೋಸೆಸ್ ಇಟೌಮಾ. 2004ರ ಡಿಸೆಂಬರ್‌ನಲ್ಲಿ ಸ್ಲೊವಾಕಿಯಾದಲ್ಲಿ ಹುಟ್ಟಿ ಇಂಗ್ಲೆಂಡಿನ ಚಾಥಮ್‌ನಲ್ಲಿ ಬೆಳೆದ ಹುಡುಗ. 2025ರ ಆಗಸ್ಟ್ 16ರಂದು ರಿಯಾದ್‌ನಲ್ಲಿ ಡಿಲಿಯನ್ ವೈಟ್‌ನನ್ನ ಎರಡು ನಿಮಿಷ ತುಂಬೋಕೆ ಮುಂಚೆ ಮುಗಿಸಿಬಿಟ್ಟ. ವೈಟ್ ಬಿದ್ದ, ಎದ್ದೂ ನಿಂತ, ಆದ್ರೆ ಕಾಲು ಮಾತು ಕೇಳಲಿಲ್ಲ, ರೆಫರಿ ಪಂದ್ಯ ನಿಲ್ಲಿಸಿದ್ರು. ಇಷ್ಟು ದೊಡ್ಡ ಮೈಯಲ್ಲಿ ಆ ಕೈವೇಗ ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ. ಅಮೆರಿಕದಲ್ಲಿ ಹುಡುಕೋದು ಬಿಟ್ಟುಬಿಡಿ, ಅಲ್ಲಿ ಒಳ್ಳೆ ಮೈಕಟ್ಟಿನ ಹುಡುಗರೆಲ್ಲ ಅಮೆರಿಕನ್ ಫುಟ್‌ಬಾಲ್‌ಗೆ ಹೋಗ್ತಾರೆ.

ಬಸು ಧಾರವಾಡ:
ವೈಟ್‌ನ ಹೊಡದಿದ್ದನ್ನ ಇಷ್ಟು ಎತ್ತಿ ಹೇಳಾಕ ಹತ್ತೀರಲ್ರೀ. ಅವಗ ಅವತ್ತ 37 ವರ್ಷ. 2020ರಾಗ ರಷ್ಯಾದ ಪೊವೆಟ್ಕಿನ್‌ನ ಅಪ್ಪರ್‌ಕಟ್ (ಕೆಳಗಿಂದ ಗದ್ದಕ್ಕ ಬೀಳೂ ಏಟು) ತಿಂದು ಮಲಗಿದ, 2022ರಾಗ ಲಂಡನ್ನಿನ ವೆಂಬ್ಲಿಯೊಳಗ ಆಗಿನ ಚಾಂಪಿಯನ್ ಟೈಸನ್ ಫ್ಯೂರಿ ಅದ ಅಪ್ಪರ್‌ಕಟ್ ಹಾಕಿ ಕೆಡವಿದ. ಸವದು ಹೋದವನ್ನ ಕೆಡವಿದ್ರ ಹುಡುಗನ ತಾಕತ್ತು ಗೊತ್ತಾಗೂದಿಲ್ಲ. ಅಮೆರಿಕದ ಜೆರೆಡ್ ಆ್ಯಂಡರ್ಸನ್ 17 ಪಂದ್ಯ ಸೋಲಿಲ್ದ ಬಂದಾಗನೂ ಇದ ಫೋರಮ್‌ನ್ಯಾಗ ಹಿಂಗ ಹಾಡಿ ಹೊಗಳಿದ್ರು. 2024ರ ಆಗಸ್ಟ್‌ನ್ಯಾಗ ಮಾರ್ಟಿನ್ ಬಕೋಲೆ ಐದನೇ ರೌಂಡಿಗೆ ಎಲ್ಲಾ ಮುಗಿಸಿದ.

ಶೆಟ್ಟಿ ಕುಡ್ಲ:
“ಫುಟ್‌ಬಾಲ್‌ಗೆ ಹೋಗ್ತಾರೆ” ಅಂತ ಒಂದು ಮಾತು ಹೇಳಿ ಮುಗಿಸಿದ್ರಲ್ಲ ರಮೇಶರೆ, ಅದು ಸರಿಯಲ್ಲ ಮಾರಾಯ್ರೆ. ಹೋದವರನ್ನು ವಾಪಸ್ ಕರೆತಂದದ್ದೂ ಉಂಟು. ಮೈಕಲ್ ಕಿಂಗ್ ಅಂತ ಟಿವಿ ಉದ್ಯಮಿ ಒಬ್ರು ಕ್ಯಾಲಿಫೋರ್ನಿಯಾದ ಕಾರ್ಸನ್‌ನಲ್ಲಿ ಜಿಮ್ ಮಾಡಿ, ಕಾಲೇಜಿನಲ್ಲಿ ಫುಟ್‌ಬಾಲ್, ಬಾಸ್ಕೆಟ್‌ಬಾಲ್ ಆಡಿದ ಎತ್ತರದ ಹುಡುಗರನ್ನು ಹುಡುಕಿ ತಂದು ಬಾಕ್ಸಿಂಗ್ ಕಲಿಸಿದ್ರು. ಅಲ್ಲಿಂದ ಬಂದವ ಡಾಮಿನಿಕ್ ಬ್ರೀಜೀಲ್. ನಾರ್ದರ್ನ್ ಕೊಲರಾಡೊ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್ (ಫುಟ್‌ಬಾಲ್‌ನಲ್ಲಿ ಚೆಂಡೆಸೆದು ಆಟ ನಡೆಸುವವ) ಆಗಿದ್ದವ 2012ರ ಲಂಡನ್ ಒಲಿಂಪಿಕ್ಸ್‌ಗೆ ಅಮೆರಿಕದ ಸೂಪರ್ ಹೆವಿವೇಟ್ (ಒಲಿಂಪಿಕ್ಸ್‌ನ ಅತಿ ಭಾರದ ವರ್ಗ) ಆಗಿ ಹೋದ. ಹುಡುಕುವ ಮನಸ್ಸಿದ್ದರೆ ಸಿಗ್ತಾರೆ.

ಎಡಗೈ ಗೌಡ:
ಬ್ರೀಜೀಲ್ ಹೆಸರು ಹೇಳಿ ನಿಮ್ಮ ವಾದಾನ ನೀವೇ ಕೆಡವಿದ್ರಿ. ಲಂಡನ್‌ನಲ್ಲಿ ಮೊದಲ ಪಂದ್ಯದಲ್ಲೇ ಸೋತು ಮನೆಗೆ ಬಂದ. 2016ರಲ್ಲಿ ಚಾಂಪಿಯನ್ ಆ್ಯಂಟನಿ ಜೋಶುವಾ ಏಳನೇ ರೌಂಡಲ್ಲಿ ಕೆಡವಿದ. 2019ರಲ್ಲಿ ಇನ್ನೊಬ್ಬ ಚಾಂಪಿಯನ್ ಡಿಯೊಂಟೆ ವೈಲ್ಡರ್ ಮೊದಲ ರೌಂಡಲ್ಲೇ ಒಂದು ಬಲಗೈ ಹಾಕಿ ಮಲಗಿಸಿದ. ಅಷ್ಟು ದುಡ್ಡು ಸುರಿದು ಸಿಕ್ಕಿದ್ದು ಇದು. ಬಾಕ್ಸಿಂಗ್ ಚಿಕ್ಕಂದಿನಿಂದ ಕಲೀಬೇಕಾದ ವಿದ್ಯೆ, ಎತ್ತರ ನೋಡಿ ಆಮೇಲೆ ತುಂಬಿಸೋಕಾಗಲ್ಲ.

ಶೆಟ್ಟಿ ಕುಡ್ಲ:
“ಸಿಕ್ಕಿದ್ದು ಇದು” ಅಂತೀರಿ. ಎರಡು ಸಲ ವಿಶ್ವ ಪಟ್ಟಕ್ಕೆ ಹೊಡೆದಾಡಿದ್ದು ಸಣ್ಣ ಸಂಗತಿಯಾ? ಚಿಕ್ಕಂದಿನಿಂದ ಗ್ಲೌಸ್ ಹಾಕಿದ ಎಷ್ಟು ಜನರಿಗೆ ಅದು ಸಿಕ್ಕಿದೆ, ಹೇಳಿ. ಮತ್ತೆ ಅವನನ್ನು ಮಲಗಿಸಿದ ವೈಲ್ಡರ್ ಯಾರು? ಕಾಲೇಜ್ ಫುಟ್‌ಬಾಲ್ ಆಡುವ ಕನಸು ಕಂಡವ, ಮಗಳ ಕಾಯಿಲೆ ಖರ್ಚಿಗೆ ಅಂತ 20ರ ವಯಸ್ಸಲ್ಲಿ ಜಿಮ್‌ಗೆ ಕಾಲಿಟ್ಟವ. ಮೂರೇ ವರ್ಷದಲ್ಲಿ, 2008ರಲ್ಲಿ, ಬೀಜಿಂಗ್ ಒಲಿಂಪಿಕ್ಸ್‌ನಿಂದ ಕಂಚು ತಂದ. ಆಮೇಲೆ 10 ಸಲ ಪಟ್ಟ ಉಳಿಸಿಕೊಂಡ. ಇದನ್ನು ನೀವು ಬೇಕಂತಲೇ ಬಿಟ್ರಿ.

ರಿಂಗ್‌ಸೈಡ್ ರಮೇಶ್:
ಬಸು ಅವರೇ, ವೈಟ್ ಸವೆದಿದ್ದ ಅಂತಲೇ ಇಟ್ಕೊಳ್ಳಿ. ಪೊವೆಟ್ಕಿನ್‌ಗೆ ಅವನನ್ನ ಕೆಡವೋಕೆ ಐದು ರೌಂಡ್ ಬೇಕಾಯ್ತು, ಅದೂ ತಾನೇ ಎರಡು ಸಲ ನೆಲ ಕಚ್ಚಿದ ಮೇಲೆ. ಫ್ಯೂರಿಗೆ ಆರು ರೌಂಡ್. ಈ ಹುಡುಗನಿಗೆ ಒಂದೇ ಸಾಕಾಯ್ತು. ಇದಕ್ಕೇನು ಹೇಳ್ತೀರಿ?

ಎಡಗೈ ಗೌಡ:
“20ರ ವಯಸ್ಸಲ್ಲಿ” ಅನ್ನೋದನ್ನೇ ಹಿಡ್ಕೊಂಡಿದೀರಲ್ಲ ಶೆಟ್ರೇ, ವೈಲ್ಡರ್‌ಗೆ ದೇವರು ಕೊಟ್ಟ ಒಂದು ಬಲಗೈ ಇತ್ತು. 2020ರಲ್ಲಿ ಫ್ಯೂರಿ ಮುಂದೊತ್ತಿ ಬಂದಾಗ ಹಿಂದಕ್ಕೆ ಹೆಜ್ಜೆ ಇಡೋಕೂ ಬರಲಿಲ್ಲ, ಏಳನೇ ರೌಂಡಲ್ಲಿ ಅವನ ಮೂಲೆಯಿಂದ ಸೋಲೊಪ್ಪಿ ಟವೆಲ್ ಎಸೆದ್ರು. ತಡವಾಗಿ ಕಲಿತವನ ಹಣೆಬರಹ ಅದು. ಉಜ್ಬೇಕಿಸ್ತಾನ ನೋಡಿ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬಾಕ್ಸಿಂಗ್‌ನಲ್ಲೇ 5 ಚಿನ್ನ. ಬಖೋದಿರ್ ಜಲೋಲೋವ್ ಟೋಕಿಯೊ, ಪ್ಯಾರಿಸ್ ಎರಡರಲ್ಲೂ ಸೂಪರ್ ಹೆವಿವೇಟ್ ಚಿನ್ನ ಹೊಡೆದ. 2019ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಮೆರಿಕದ ರಿಚರ್ಡ್ ಟೊರೆಜ್‌ನನ್ನ ಮೊದಲ ರೌಂಡಲ್ಲಿ ಹೊಡೆದಾಗ ಸ್ಟ್ರೆಚರ್ ತರಬೇಕಾಯ್ತು. ಟೋಕಿಯೊ ಫೈನಲ್‌ನಲ್ಲೂ ಅದೇ ಟೊರೆಜ್ ಅವನ ಕೈಲಿ ಸೋತ. ನಮ್ಮ ಸತೀಶ್ ಕುಮಾರ್ ಕೂಡ ಟೋಕಿಯೊ ಕ್ವಾರ್ಟರ್ ಫೈನಲ್‌ನಲ್ಲಿ, ಮುಖಕ್ಕೆ 13 ಹೊಲಿಗೆ ಹಾಕಿಸ್ಕೊಂಡು ಅವನೆದುರು ನಿಂತಿದ್ದು.

ಬಸು ಧಾರವಾಡ:
ಸತೀಶ್ ಕುಮಾರ್ ಹೆಸರು ತಂದ್ರಿ, ಛಲೋ ಆತು. ಅವ ಬುಲಂದಶಹರದ ಕಬಡ್ಡಿ ಹುಡುಗ್ರೀ. ಸೈನ್ಯಕ್ಕ ಸೇರಿದ ಮ್ಯಾಲ ಅವನ ಎತ್ತರ ನೋಡಿ ಬಾಕ್ಸಿಂಗ್‌ಗೆ ಎಳಕೊಂಡ್ರು. ಒಲಿಂಪಿಕ್ಸ್‌ಗೆ ಹೋದ ಮೊದಲನೇ ಭಾರತದ ಸೂಪರ್ ಹೆವಿವೇಟ್ ಅವನ. ಎತ್ತರ ನೋಡಿ ತುಂಬಿಸಾಕ ಆಗೂದಿಲ್ಲ ಅಂದ್ರಲ್ಲ ಗೌಡ್ರ, ತುಂಬಿಸಿದ್ದು ನಿಮ್ಮ ಕಣ್ಣ ಮುಂದ ಐತಿ.

ಎಡಗೈ ಗೌಡ:
ತುಂಬಿಸಿದ್ದು ಎಲ್ಲಿಗೆ ಬಂತು? 5-0. ಒಬ್ಬ ಜಡ್ಜ್ ಕೂಡ ಸತೀಶ್ ಕಡೆ ಬರೀಲಿಲ್ಲ.

ಬಸು ಧಾರವಾಡ:
ಹದಿಮೂರು ಹೊಲಿಗಿ ಹಾಕ್ಕೊಂಡು ಮೂರು ರೌಂಡ್ ಪೂರಾ ನಿಂತವನ ಬಗ್ಗೆ ಹಿಂಗ ಮಾತಾಡಬ್ಯಾಡ್ರಿ. ಟೊರೆಜ್ ಸ್ಟ್ರೆಚರ್ ಮ್ಯಾಲ ಹೋಗಿದ್ದ, ನಮ್ಮವ ತನ್ನ ಕಾಲ ಮ್ಯಾಲ ಇಳದು ಬಂದ. ನಮ್ಮ ಕಡೆ ಗರಡಿಮನಿ ನೋಡ್ಕೋತ ಬೆಳದವ ನಾನು, ಅಖಾಡದಾಗ ಕಡೀತನಕ ನಿಂತವಗ ಮರ್ಯಾದಿ ಕೊಡೂದು ನಮಗ ಗೊತ್ತೈತಿ.

ಎಡಗೈ ಗೌಡ:
ಮರ್ಯಾದೆ ಬೇರೆ, ಗೆಲುವು ಬೇರೆ. ನಾನು ಸತೀಶ್‌ಗೆ ಅವಮಾನ ಮಾಡಿಲ್ಲ, ಮಾಡಿದೀನಿ ಅಂತ ತಿರುಚಬೇಡಿ.

ಶೆಟ್ಟಿ ಕುಡ್ಲ:
ಗೌಡರೆ, ಜಲೋಲೋವ್ ಅಂತ ಅಷ್ಟು ಹೊಗಳ್ತೀರಲ್ಲ, ಅವ 1994ರಲ್ಲಿ ಹುಟ್ಟಿದವ. ಎರಡು ಚಿನ್ನ ಕುತ್ತಿಗೆಗೆ ಬಿದ್ದು 30 ದಾಟಿದ ಮೇಲೂ ಪ್ರೊಫೆಷನಲ್ ಪಟ್ಟಕ್ಕೆ ಒಂದು ಪಂದ್ಯ ಆಡಿರಲಿಲ್ಲ. ಬ್ರೀಜೀಲ್ ಎರಡು ಆಡಿದ. ಒಲಿಂಪಿಕ್ ಚಿನ್ನವೇ ಎಲ್ಲ ಅಂತಾದ್ರೆ 2000ದ ಚಿನ್ನದ ಆಡ್ಲಿ ಹ್ಯಾರಿಸನ್ ಏನಾದ? 2010ರಲ್ಲಿ ಡೇವಿಡ್ ಹೇ ಎದುರು ಮೂರೇ ರೌಂಡ್ ನಿಂತ. 2016ರ ಚಿನ್ನದ ಟೋನಿ ಯೋಕಾ? ಬಕೋಲೆ, ಟಕಾಮ್, ಮೆರ್ಹಿ, ಸಾಲಾಗಿ ಮೂರು ಸೋಲು.

ಎಡಗೈ ಗೌಡ:
ಹ್ಯಾರಿಸನ್, ಯೋಕಾ ಅಷ್ಟೇ ಕಣ್ಣಿಗೆ ಬಿದ್ರಾ? 1988ರ ಲೂಯಿಸ್, 1996ರ ಕ್ಲಿಚ್ಕೊ, 2012ರ ಜೋಶುವಾ ಮತ್ತು ಉಸಿಕ್, ಇವರೆಲ್ಲ ಎಲ್ಲಿಂದ ಬಂದ್ರು? ಎಲ್ಲರೂ ಚಿನ್ನದವರು, ಎಲ್ಲರೂ ಚಾಂಪಿಯನ್‌ಗಳು. ನೀವು ಪಂದ್ಯ ನೋಡಿ ಮಾತಾಡ್ತಿಲ್ಲ, ರೆಕಾರ್ಡ್ ಪಟ್ಟಿ ಇಟ್ಕೊಂಡು ಬೇಕಾದ ಸಾಲು ಹೆಕ್ಕಿ ಹಾಕ್ತಿದೀರಿ.

ಶೆಟ್ಟಿ ಕುಡ್ಲ:
ನಾನು ಪಂದ್ಯ ನೋಡುವುದಿಲ್ಲ ಅಂತ ಹೇಳಲಿಕ್ಕೆ ನೀವು ಯಾರು? ಜೋಶುವಾ ಹೆಸರು ತೆಗೆದ್ರಲ್ಲ, ಅವ ಗ್ಲೌಸ್ ಹಾಕಿದ್ದು 18ಕ್ಕೆ. ಅದು ಚಿಕ್ಕಂದಾ? ನಿಮ್ಮ ಪಟ್ಟಿಯೇ ನಿಮಗೆ ವಿರುದ್ಧ ನಿಂತಿದೆ.

ವಾಣಿ ಎಸ್.:
“ಚಿಕ್ಕಂದಿನಿಂದ ಕಲೀಬೇಕು” ಅನ್ನುವವರು 2025ರ ಜೂನ್‌ನಲ್ಲಿ ಇಪ್ಸ್‌ವಿಚ್‌ನ ಪೋರ್ಟ್‌ಮನ್ ರೋಡ್‌ನಲ್ಲಿ ನಡೆದ ಪಂದ್ಯ ನೋಡಬೇಕು. ಜಸ್ಟಿಸ್ ಹೂನಿ 2019ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದ ಆಸ್ಟ್ರೇಲಿಯದ ಹುಡುಗ, ಜ್ಯಾಬ್ (ಮುಂದಿನ ಕೈಯ ನೇರ ಏಟು) ಅಂದರೆ ಕಣ್ಣಿಗೊತ್ತಿಕೊಳ್ಳುವ ಹಾಗಿರುತ್ತೆ. ಒಂಬತ್ತು ರೌಂಡ್ ಫೇಬಿಯೊ ವಾರ್ಡ್ಲಿಗೆ ಪಾಠ ಹೇಳಿದ, ಮೂರೂ ಜಡ್ಜ್‌ಗಳ ಕಾರ್ಡ್‌ನಲ್ಲಿ ಮುಂದಿದ್ದ. ಹತ್ತನೇ ರೌಂಡಲ್ಲಿ ವಾರ್ಡ್ಲಿಯ ಒಂದು ಬಲಗೈ ಬಿತ್ತು, ಪಂದ್ಯ ಮುಗಿಯಿತು. ಈ ವಾರ್ಡ್ಲಿಗೆ ಅಮೆಚೂರ್ ಹಿನ್ನೆಲೆಯೇ ಇಲ್ಲ, ಆಫೀಸಿಗೆ ಹೋಗುವವರು ಸಂಜೆ ಆಡುವ ವೈಟ್ ಕಾಲರ್ ಬಾಕ್ಸಿಂಗ್‌ನಿಂದ ಬಂದವನು. ಅಕ್ಟೋಬರ್‌ನಲ್ಲಿ ಜೋಸೆಫ್ ಪಾರ್ಕರ್‌ನನ್ನೂ ಹನ್ನೊಂದನೇ ರೌಂಡಲ್ಲಿ ನಿಲ್ಲಿಸಿದ, ಉಸಿಕ್ ಬಿಟ್ಟುಕೊಟ್ಟ ಡಬ್ಲ್ಯುಬಿಒ (ವಿಶ್ವ ಪಟ್ಟ ಕೊಡುವ ಸಂಸ್ಥೆಗಳಲ್ಲೊಂದು) ಪಟ್ಟ ಅವನ ಕೈಗೆ ಬಂತು. ಹುಡುಕುವವರ್ಯಾರೂ ನೋಡದ ಮೂಲೆಯಿಂದ ಒಬ್ಬ ಚಾಂಪಿಯನ್ ಬಂದ, ನೀವು ಇನ್ನೂ ಬ್ರೀಜೀಲ್ ಮೇಲೆ ಜಗಳ ಆಡ್ತಿದ್ದೀರಿ.

ಎಡಗೈ ಗೌಡ:
“ಪಟ್ಟ ಕೈಗೆ ಬಂತು” ಅಂತ ನೀವೇ ಬರೆದ್ರಿ ಮೇಡಂ. ಉಸಿಕ್‌ನನ್ನ ಹೊಡೆದು ತಗೊಂಡಿದ್ದಲ್ಲ. ಒಂಬತ್ತು ರೌಂಡ್ ಏಟು ತಿಂದು ಒಂದು ಏಟಿಗೆ ಗೆದ್ದಿದ್ದನ್ನ ದಾರಿ ಅಂತ ಹೇಗೆ ಹೇಳ್ತೀರಿ?

ವಾಣಿ ಎಸ್.:
ಹೆವಿವೇಟ್‌ನಲ್ಲಿ ಆ ಒಂದು ಏಟಿಗಾಗಿಯೇ ಎಲ್ಲರೂ ಹುಡುಕಾಡುವುದು. ಹೂನಿಗೆ ಅದು ಇರಲಿಲ್ಲ, ವಾರ್ಡ್ಲಿಗೆ ಇತ್ತು.

ಕಿರಣ್ ಡಲ್ಲಾಸ್:
ಅಮೆರಿಕದವನಾಗಿ ಒಂದು ಮಾತು. ನಮ್ಮ ಪಕ್ಕದ ಆಲನ್ ಊರಿನ ಹೈಸ್ಕೂಲಿಗೆ 6 ಕೋಟಿ ಡಾಲರ್ ಖರ್ಚು ಮಾಡಿ 18,000 ಜನ ಕೂರೋ ಫುಟ್‌ಬಾಲ್ ಸ್ಟೇಡಿಯಂ ಕಟ್ಟಿದ್ದಾರೆ, 2012ರಲ್ಲೇ. ಹೈಸ್ಕೂಲ್ ಮಕ್ಕಳಿಗೆ ಕಣ್ರೀ! ಶುಕ್ರವಾರ ರಾತ್ರಿ ಆ ಕಡೆ ಗಾಡಿ ನಿಲ್ಲಿಸೋಕೆ ಜಾಗ ಇರಲ್ಲ. ಆರೂವರೆ ಅಡಿ ಹುಡುಗನಿಗೆ 15 ತುಂಬೋ ಹೊತ್ತಿಗೆ ಕಾಲೇಜ್ ಕೋಚ್‌ಗಳು ಮನೆ ಬಾಗಿಲಿಗೆ ಬರ್ತಾರೆ. 2025ರಲ್ಲಿ ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್ ಎನ್‌ಎಫ್‌ಎಲ್‌ಗೆ ಹೊಸದಾಗಿ ಸೇರಿದವನ ಕನಿಷ್ಠ ವರ್ಷದ ಸಂಬಳ 8,40,000 ಡಾಲರ್. ಬಾಕ್ಸಿಂಗ್‌ನಲ್ಲಿ ಶುರುವಿನ ನಾಲ್ಕು ರೌಂಡ್ ಪಂದ್ಯಕ್ಕೆ ಬರೋ ದುಡ್ಡಲ್ಲಿ ಕೋಚ್‌ಗೆ ಕೊಟ್ಟು ಉಳಿಯೋದೇ ಕಷ್ಟ. ಅಮೆರಿಕ ಸೂಪರ್ ಹೆವಿವೇಟ್ ಚಿನ್ನ ಕಂಡಿದ್ದು 1984ರಲ್ಲಿ, ಟೈರೆಲ್ ಬಿಗ್ಸ್. ಅಲ್ಲಿಗೆ ಸರಿ.

ಶೆಟ್ಟಿ ಕುಡ್ಲ:
ಹಾಗಾದ್ರೆ ದುಡ್ಡು ಕೊಟ್ಟು ಕರೆತಂದ ಮೈಕಲ್ ಕಿಂಗ್ ಮಾಡಿದ್ದೇ ಸರಿ ಅಂತಾಯ್ತಲ್ಲ ಕಿರಣ್? ನಾನು ಮೊದಲಿನಿಂದ ಹೇಳ್ತಾ ಇರುವುದು ಅದನ್ನೇ.

ಕಿರಣ್ ಡಲ್ಲಾಸ್:
ನಾನು ಹಾಗೆ ಹೇಳಲಿಲ್ಲ ಶೆಟ್ರೇ. ಕಿಂಗ್‌ಗೆ ಸಿಕ್ಕಿದ್ದು ಎನ್‌ಎಫ್‌ಎಲ್ ಬೇಡ ಅಂದವರು. ಒಳ್ಳೆಯವರು ಅಷ್ಟು ಹೊತ್ತಿಗೆ ಅಲ್ಲಿ ಸೇರಿಬಿಟ್ಟಿದ್ರು.

ರಿಂಗ್‌ಸೈಡ್ ರಮೇಶ್:
ಇಟೌಮಾ ಬಗ್ಗೆ ಶುರು ಮಾಡಿದ ಚರ್ಚೆ ಇದು. ಬ್ರೀಜೀಲ್ ಬಗ್ಗೆ ಬೇರೆ ಥ್ರೆಡ್ ತೆಗೀರಿ ದಯವಿಟ್ಟು. ಕಿರಣ್ ಹೇಳಿದ ಮೇಲೆ ಅಮೆರಿಕದ ವಿಷಯದಲ್ಲಿ ನಾನು ಬರೆದಿದ್ದು ಸರಿ ಅಂತ ಗೊತ್ತಾಯ್ತು, ಅಷ್ಟು ಸಾಕು ನನಗೆ.

ಬಸು ಧಾರವಾಡ:
ಇಟೌಮಾನ ಬೇಕಂದ್ರ ಕೇಳ್ರಿ. ವೈಟ್ ಪಂದ್ಯದ ತನಕ 13 ಆಡ್ಯಾನ, 11 ನಾಕ್‌ಔಟ್. ಆರು ರೌಂಡ್ ದಾಟಿ ಒಮ್ಮಿಯೂ ಹೋಗಿಲ್ಲ. ಗದ್ದಕ್ಕ ಗಟ್ಟಿ ಏಟು ಬಿದ್ದಾಗ ಏನ ಮಾಡ್ತಾನ, ಒಂಬತ್ತನೇ ರೌಂಡಿನ್ಯಾಗ ಉಸಿರು ಹತ್ತಿದಾಗ ಕೈ ಎಲ್ಲಿ ಇರ್ತಾವ, ಯಾರಿಗೂ ಗೊತ್ತಿಲ್ಲ. ಬಕೋಲೆಯಂಥವನ ಮುಂದ ನಿಲ್ಲಸ್ರಿ, ಆಮ್ಯಾಲ ಮಾತಾಡೂಣು.

ರಿಂಗ್‌ಸೈಡ್ ರಮೇಶ್:
24ರ ಹುಡುಗನನ್ನ ಅವಸರ ಮಾಡಿ ಬಕೋಲೆ ಮುಂದೆ ನಿಲ್ಲಿಸಿದ್ದಕ್ಕೇ ಆ್ಯಂಡರ್ಸನ್ ಹಾಳಾಗಿದ್ದು ಅಂತ ನೀವೇ ಹೇಳ್ತೀರಿ, ಈಗ ಇವನನ್ನೂ ನಿಲ್ಲಿಸಿ ಅಂತೀರಿ.

ಬಸು ಧಾರವಾಡ:
ಹಾಳಾದ ಅಂತ ನಾ ಎಲ್ಲಿ ಬರದೀನಿ ತೋರಸ್ರಿ. ಸೋತ ಅಂದೀನಿ. ಬ್ರಿಟನ್ನಿನ ಡ್ಯಾನಿಯಲ್ ಡ್ಯುಬುವಾ 2020ರಾಗ ಜೋ ಜಾಯ್ಸ್ ಕಡೆ ಸೋತು, ನಾಲ್ಕ ವರ್ಷಕ್ಕ ಜೋಶುವಾನ ವೆಂಬ್ಲಿಯೊಳಗ ಐದನೇ ರೌಂಡಿಗೆ ಕೆಡವಲಿಲ್ಲೇನು?

ಎಡಗೈ ಗೌಡ:
ಡ್ಯುಬುವಾ ಕೂಡ ಚಿಕ್ಕ ವಯಸ್ಸಿಂದ ಗ್ಲೌಸ್ ಹಾಕಿದವನೇ. ಶೆಟ್ರೇ, ಇದನ್ನೂ ಬರ್ಕೊಳ್ಳಿ.