ಸಹಾಯ ಬೇಕು: ಡಿಸೆಂಬರ್ ಪ್ರವಾಸಕ್ಕೆ ಟೈಮ್‌ಟೇಬಲ್ ಹೊಂದಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ತುಮಕೂರು ಕಡೆಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಡಿಸೆಂಬರ್‌ನಲ್ಲಿ ಮಕ್ಕಳನ್ನು ಬಾದಾಮಿ, ಐಹೊಳೆ, ಪಟ್ಟದಕಲ್ಲಿಗೆ ಕರೆದುಕೊಂಡು ಹೋಗಬೇಕು ಅಂತಿದೆ. ಗಣಿತದ ಮೇಷ್ಟ್ರು ಸುತರಾಂ ಒಪ್ಪುತ್ತಿಲ್ಲ. ಅವರದ್ದೂ ತಪ್ಪಲ್ಲ ಬಿಡಿ. ಪ್ರತಿಭಾ ಕಾರಂಜಿ, ಕ್ರೀಡಾಕೂಟ ಅಂತ ಅವರ ಪಿರಿಯಡ್‌ಗಳೇ ಜಾಸ್ತಿ ಹೋಗಿವೆ. ಸ್ಟಾಫ್ ರೂಮಿನ ಟೈಮ್‌ಟೇಬಲ್ ಮೇಲೆ ಹೋದದ್ದಕ್ಕೆಲ್ಲ ಕೆಂಪು ಪೆನ್ನಲ್ಲಿ ಸುತ್ತು ಹಾಕಿಟ್ಟಿದ್ದಾರೆ!

ಹತ್ತನೇ ತರಗತಿಯವರನ್ನು ಬಿಟ್ಟು ಹೋಗಿ ಅಂತಾರೆ. ಆದರೆ ಎಷ್ಟೋ ಮಕ್ಕಳು ಜಿಲ್ಲೆ ದಾಟಿಯೇ ಇಲ್ಲ. ಇಮ್ಮಡಿ ಪುಲಿಕೇಶಿ ಬಗ್ಗೆ ಪುಸ್ತಕದಲ್ಲಿ ಓದೋದೇ ಬೇರೆ, ಐಹೊಳೆಯ ಮೇಗುತಿ ಗುಡಿಯ ಗೋಡೆಯಲ್ಲಿ ಅವನನ್ನು ಹೊಗಳಿ ಕೆತ್ತಿದ ಕ್ರಿ.ಶ. 634ರ ಶಾಸನ ನೋಡೋದೇ ಬೇರೆ, ಅಲ್ವಾ?

ಶುಕ್ರವಾರ ರಾತ್ರಿ ಹೊರಟರೆ ಶನಿವಾರದ ಅರ್ಧ ದಿನ ಮಾತ್ರ ಹೋಗುತ್ತದೆ. ಆದರೆ ಹೋದ ಸಲ ಸೋಮವಾರ ಬೆಳಗಿನ ಜಾವ ಬಂದಿಳಿದವರು ಎರಡನೇ ಪಿರಿಯಡ್‌ಗೇ ಡೆಸ್ಕ್ ಮೇಲೆ ಮಲಗಿದ್ದರು. ನಾನೂ ಆಕಳಿಸುತ್ತಲೇ ಪಾಠ ಮಾಡಿದೆ!

ನಿಮ್ಮ ಶಾಲೆಯಲ್ಲಿ ಏನು ಮಾಡುತ್ತೀರಿ? ಹೋಗುವ ಪಿರಿಯಡ್‌ಗಳನ್ನು ಪ್ರವಾಸಕ್ಕೆ ಮೊದಲೇ ತೆಗೆದುಕೊಳ್ಳುತ್ತೀರಾ, ಆಮೇಲಾ? ದುಡ್ಡಿಲ್ಲದೆ ಉಳಿದ ಮಕ್ಕಳಿಗೆ ಆ ದಿನ ಏನು ಮಾಡಿಸುತ್ತೀರಿ? ಮುಂದಿನ ವಾರವೇ ಹೆಚ್‌ಎಂಗೆ ಪ್ಲಾನ್ ಕೊಡಬೇಕು. ದಯವಿಟ್ಟು ತಿಳಿಸಿ.