ಕ್ಯಾನ್ಸರ್, ಇಮ್ಯುನಿಟಿ, ಜೀವಕೋಶದ ಶಕ್ತಿ: ಡಾಕ್ಟರನ್ನು ಕೇಳಿ

ಅಡ್ಮಿನ್: ಕ್ಯಾನ್ಸರ್ ತಜ್ಞೆಯೊಬ್ಬರು ಈವತ್ತು ನಮ್ಮ ಜೊತೆ ಇದ್ದಾರೆ. ಪ್ರಶ್ನೆ ಕೇಳಿ. ದಯವಿಟ್ಟು ಫಾರ್ವರ್ಡ್ ಬೇಡ.

ನೀಲಿಹಕ್ಕಿ: ಮೇಡಂ, ಕ್ಯಾನ್ಸರಿಗೆ ಸಕ್ಕರೆಯೇ ಊಟವಂತೆ. ಪೂರ್ತಿ ಬಿಟ್ಟರೆ ಗಡ್ಡೆ ಹಸಿದು ಸಾಯುತ್ತಾ?

ಡಾಕ್ಟರ್: ಇಲ್ಲ. ನೀವು ತಿನ್ನದಿದ್ದರೂ ಲಿವರ್ ಗ್ಲೂಕೋಸ್ ಮಾಡಿ ರಕ್ತಕ್ಕೆ ಬಿಡುತ್ತದೆ. ಅದಕ್ಕಿಂತ ಮುಖ್ಯ, ಗಡ್ಡೆಯ ಮೇಲೆ ಬೀಳುವ ಟಿ ಕೋಶಕ್ಕೂ (ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕೋಶ) ಅದೇ ಗ್ಲೂಕೋಸ್ ಬೇಕು. ಸುಮ್ನೆ ಸುತ್ತಾಡುವಾಗ ಅದು ಮೈಟೊಕಾಂಡ್ರಿಯದಲ್ಲಿ, ಅಂದರೆ ಕೋಶದೊಳಗಿನ ಶಕ್ತಿಯ ಒಲೆಯಲ್ಲಿ, ನಿಧಾನವಾಗಿ ಉರಿಸಿಕೊಂಡಿರುತ್ತದೆ. ಶತ್ರು ಕಂಡರೆ ಒಂದು ಹೋಗಿ ಸಾವಿರವಾಗಬೇಕಲ್ಲ, ಆಗ ಗ್ಲೂಕೋಸನ್ನು ಗಬಗಬನೆ ಎಳೆದುಕೊಳ್ಳುತ್ತದೆ. ಆದರೆ ಹಲವು ಗಡ್ಡೆಗಳ ಒಳಗೆ ಗ್ಲೂಕೋಸ್ ಕಡಿಮೆ, ಆಮ್ಲಜನಕ ಕಡಿಮೆ, ಲ್ಯಾಕ್ಟಿಕ್ ಆಮ್ಲ ಜಾಸ್ತಿ. ಅಲ್ಲಿ ದಿನಗಟ್ಟಲೆ ಗುದ್ದಾಡಿದ ಟಿ ಕೋಶದ ಮೈಟೊಕಾಂಡ್ರಿಯಗಳೇ ಕೆಡುತ್ತವೆ. ಕೋಶ ಬದುಕಿರುತ್ತದೆ, ಕೊಲ್ಲುವ ಕಸುವು ಇರುವುದಿಲ್ಲ. ಕ್ಯಾನ್ಸರ್ ಕೋಶ ಸಣ್ಣ ನಳಿಗೆ ಚಾಚಿ ಟಿ ಕೋಶದ ಮೈಟೊಕಾಂಡ್ರಿಯವನ್ನೇ ಕದಿಯುವುದನ್ನೂ ಲ್ಯಾಬಿನಲ್ಲಿ ಕಂಡಿದ್ದಾರೆ!

ಸತ್ಯಶೋಧಕ: ಜರ್ಮನ್ ವಿಜ್ಞಾನಿ ವಾರ್ಬರ್ಗ್ ಇದನ್ನೆಲ್ಲ ಆಗಲೇ ಹೇಳಿ 1931ರಲ್ಲಿ ನೊಬೆಲ್ ತಗೊಂಡ. ಕ್ಯಾನ್ಸರಿಗೆ ಕಾರಣ ಆಮ್ಲ. ಅಡುಗೆ ಸೋಡಾ ಕುಡಿದರೆ ಮುಗಿಯಿತು. ಕಂಪನಿಗಳು ಮುಚ್ಚಿಟ್ಟಿವೆ.

ಡಾಕ್ಟರ್: ಸೋಡಾ ಕುಡಿಯಬೇಡಿ. ರಕ್ತದ ಆಮ್ಲ ಎಷ್ಟಿರಬೇಕು ಅಂತ ಶ್ವಾಸಕೋಶ, ಕಿಡ್ನಿ ನೋಡಿಕೊಳ್ಳುತ್ತವೆ.

ಅರ್ಧಚಂದ್ರ: ಆ ನೊಬೆಲ್ ಬಂದದ್ದು ಕೋಶ ಉಸಿರಾಡಲು ಬಳಸುವ ಕಿಣ್ವದ ಕೆಲಸಕ್ಕೆ. ಕ್ಯಾನ್ಸರ್ ಕಾರಣಕ್ಕಲ್ಲ. ಓದಿ ಬರೆಯಿರಿ.

ಸತ್ಯಶೋಧಕ: ಅದೂ ಇದೂ ಒಂದೇ ಅಲ್ವಾ.

ಅರ್ಧಚಂದ್ರ: ಒಂದೇ ಅಲ್ಲ. ಕ್ಯಾನ್ಸರ್ ಕೋಶದ ಮೈಟೊಕಾಂಡ್ರಿಯ ಹಾಳಾಗಿದೆ ಅಂತ ವಾರ್ಬರ್ಗ್ ನಂಬಿದ್ದ. ಬಹಳಷ್ಟು ಗಡ್ಡೆಗಳಲ್ಲಿ ಅವು ಚೆನ್ನಾಗೇ ಕೆಲಸ ಮಾಡುತ್ತವೆ ಅಂತ ಆಮೇಲೆ ಗೊತ್ತಾಯಿತು.

ಬೆಳ್ಳಿಮೋಡ: ಕಾರ್-ಟಿ ಚಿಕಿತ್ಸೆಯಲ್ಲೂ (ರೋಗಿಯ ಟಿ ಕೋಶವನ್ನೇ ಲ್ಯಾಬಿನಲ್ಲಿ ಬದಲಿಸಿ ಮರಳಿ ಕೊಡ್ತಾರಲ್ಲ) ಈ ಮೈಟೊಕಾಂಡ್ರಿಯದ ಪಾತ್ರ ಇದೆಯಾ ಮೇಡಂ?

ಮಳೆಹನಿ: ಅಪ್ಪನಿಗೆ ಪಿಡಿ-1 ಇಮ್ಯುನೊಥೆರಪಿ, ಮೂರು ಡೋಸ್ ಆಗಿದೆ. ಫಾರ್ವರ್ಡ್ ನೋಡಿ ಸಕ್ಕರೆ, ಅನ್ನ ಎಲ್ಲ ನಿಲ್ಲಿಸಿದ್ವಿ. ಒಂದು ವಾರದಿಂದ ವಿಪರೀತ ಬಾಯಾರಿಕೆ, ರಾತ್ರಿ ಆರೇಳು ಸಲ ಮೂತ್ರ, ತೂಕ ಇಳಿದಿದೆ. ನಿನ್ನೆಯಿಂದ ವಾಂತಿ. ಬಾಯಿ ಹಣ್ಣಿನ ಥರ ವಾಸನೆ. ಗುಂಪಿನಲ್ಲಿ ಯಾರೋ ‘ಕೀಟೋ ಡಯಟ್ ಕೆಲಸ ಮಾಡ್ತಿದೆ’ ಅಂದರು.

ಸತ್ಯಶೋಧಕ: ಒಳ್ಳೇ ಲಕ್ಷಣ, ವಿಷ ಹೊರಗೆ ಹೋಗ್ತಿದೆ.

ಡಾಕ್ಟರ್: ಮಳೆಹನಿ ಅವರೇ, ಮೊದಲು ಇದನ್ನು ಓದಿ, ಉಳಿದವರು ಸ್ವಲ್ಪ ಸುಮ್ಮನಿರಿ. ಈಗಲೇ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಬೆಳಗ್ಗೆ ತನಕ ಕಾಯಬೇಡಿ. ಈ ಇಮ್ಯುನೊಥೆರಪಿ ಟಿ ಕೋಶದ ಮೇಲಿನ ಪಿಡಿ-1 ಎಂಬ ಬ್ರೇಕ್ ತೆಗೆಯುತ್ತದೆ. ಅಪರೂಪಕ್ಕೆ ಅವು ಇನ್ಸುಲಿನ್ ಮಾಡುವ ಕೋಶಗಳನ್ನೇ ಕೊಂದುಬಿಡುತ್ತವೆ. ಇನ್ಸುಲಿನ್ ಇಲ್ಲದಿದ್ದರೆ ಸ್ನಾಯು, ಕೊಬ್ಬಿಗೆ ಗ್ಲೂಕೋಸ್ ಸರಿಯಾಗಿ ಹೋಗುವುದಿಲ್ಲ, ಅದು ರಕ್ತದಲ್ಲೇ ಉಳಿಯುತ್ತದೆ, ಮೈ ಕೊಬ್ಬು ಉರಿಸುತ್ತದೆ, ಅದರಿಂದ ಹುಟ್ಟುವ ಕೀಟೋನ್ ಏರಿ ರಕ್ತ ಹುಳಿಯಾಗುತ್ತದೆ. ಪ್ರಾಣಕ್ಕೆ ಅಪಾಯ. ಅಲ್ಲಿ ಮೊದಲ ಮಾತೇ ‘ಇಮ್ಯುನೊಥೆರಪಿ ನಡೀತಿದೆ’ ಎಂದಿರಲಿ. ಶುಗರ್, ಕೀಟೋನ್ ಈಗಲೇ ನೋಡಿ ಅಂತ ಕೇಳಿ. ನಿಮ್ಮ ಕ್ಯಾನ್ಸರ್ ಡಾಕ್ಟರಿಗೂ ಫೋನ್ ಮಾಡಿ. ಸೋಡಾ ಬೇಡ, ಉಪವಾಸ ಬೇಡ.

ಮಳೆಹನಿ: ಹೊರಟೆವು.

ಹೊಂಬೆಳಕು: ಮೇಡಂ, ಸಕ್ಕರೆ ಬಿಟ್ಟರೆ ಒಳ್ಳೇದಲ್ವಾ?

ಡಾಕ್ಟರ್: ಮೇಲೆ ಬರೆದಿದ್ದೇನೆ.

ಹಸಿರುಗಿಡ: ಆ್ಯಂಟಿಆಕ್ಸಿಡೆಂಟ್ ಮಾತ್ರೆ ತಗೊಂಡರೆ ಟಿ ಕೋಶಕ್ಕೆ ಬಲ ಬರುತ್ತಾ?

ಡಾಕ್ಟರ್: ಧೂಮಪಾನಿಗಳಿಗೆ ಬೀಟಾ ಕ್ಯಾರೊಟಿನ್ ಎಂಬ ಆ್ಯಂಟಿಆಕ್ಸಿಡೆಂಟ್ ಕೊಟ್ಟು ನೋಡಿದ ದೊಡ್ಡ ಪರೀಕ್ಷೆಯ ಫಲ 1994ರಲ್ಲಿ ಬಂತು. ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಕೇಳದೆ ನುಂಗಬೇಡಿ.

ಸತ್ಯಶೋಧಕ: ಅಂದರೆ ಏನು ಮಾಡಿದರೂ ತಪ್ಪು. ಡಾಕ್ಟರುಗಳಿಗೆ ಬರೀ ಹೆದರಿಸೋದೇ ಕೆಲಸ.

ಅರ್ಧಚಂದ್ರ: ಪ್ರಾಣ ಹೋಗೋ ಲಕ್ಷಣವನ್ನು ‘ಒಳ್ಳೇದು’ ಅಂದವರು ನೀವು. ನಾಚಿಕೆ ಇದೆಯೇ?

ಸತ್ಯಶೋಧಕ: ನಿಮ್ಮನ್ನು ಯಾರು ಕೇಳಿದ್ದು?

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಮಳೆಹನಿ: ಆಸ್ಪತ್ರೆಯಲ್ಲಿದ್ದೇವೆ. ಶುಗರ್ 480. ಕೀಟೋನ್ ಇದೆ. ಡ್ರಿಪ್, ಇನ್ಸುಲಿನ್ ಹಾಕಿ ಐಸಿಯುಗೆ ತಗೊಂಡ್ರು. ಇಮ್ಯುನೊಥೆರಪಿ ಇನ್ನು ಕೊಡಲ್ವಾ ಮೇಡಂ?

ಡಾಕ್ಟರ್: ಶುಗರ್ ಹತೋಟಿಗೆ ಬಂದ ಮೇಲೆ ಹಲವರಿಗೆ ಮುಂದುವರಿಸುತ್ತೇವೆ, ಅದನ್ನು ನಿಮ್ಮ ಡಾಕ್ಟರ್ ನಿರ್ಧರಿಸುತ್ತಾರೆ. ಇನ್ಸುಲಿನ್ ಮಾತ್ರ ಸಾಮಾನ್ಯವಾಗಿ ಜೀವನಪೂರ್ತಿ ಬೇಕಾಗುತ್ತದೆ. ಈ ರಾತ್ರಿ ಅದೆಲ್ಲ ಬೇಡ, ಅಪ್ಪನ ಹತ್ತಿರ ಇರಿ.

ಹೊಂಬೆಳಕು: ಬೆಲ್ಲ ತಿನ್ನಬಹುದಾ?