ಫೆಬ್ರವರಿಯಲ್ಲಿ ಎನ್‌ಡುಟು, ಸೆರೊನೆರಾ ಟೆಂಟ್ ಪ್ರವಾಸ: 600 ಲೆನ್ಸ್ ಬೇಕೇ? ಚಾರ್ಜಿಂಗ್ ಹೇಗೆ?

ಹೊಸನಗರದ ಹಕ್ಕಿ

ಫೆಬ್ರವರಿಯಲ್ಲಿ ನಾಲ್ಕು ಜನ ತಾಂಜಾನಿಯಾಕ್ಕೆ ಹೊರಟಿದ್ದೇವೆ. ಅರುಷಾದಿಂದ ಶುರು. ಎನ್‌ಡುಟುದಲ್ಲಿ ಮೂರು ರಾತ್ರಿ, ಸೆರೆಂಗೆಟಿ ಉದ್ಯಾನದ ನಡುಭಾಗದ ಸೆರೊನೆರಾದಲ್ಲಿ ಮೂರು, ವಾಪಸು ಬರುವಾಗ ಗೊರೊಂಗೊರೊ ಜ್ವಾಲಾಮುಖಿ ಕುಳಿಯ ಅಂಚಿನ ಸಿಂಬಾ ಕ್ಯಾಂಪಿನಲ್ಲಿ ಒಂದು. ಲಾಡ್ಜ್ ಬೇಡ, ಟೆಂಟೇ. ನನ್ನ ಹತ್ತಿರ ಇರೋದು ಕ್ರಾಪ್ (ಚಿಕ್ಕ) ಸೆನ್ಸರಿನ ಮಿರರ್‌ಲೆಸ್ ಬಾಡಿ ಒಂದು, 100-400 ಎಂಎಂ ಲೆನ್ಸ್ ಒಂದು. 600 ಬಾಡಿಗೆಗೆ ತಗೊಳ್ಳಬೇಕಾ? ಕ್ಯಾಂಪಿಗೆ ಬೇಲಿ ಇರಲ್ಲ ಅಂತಾರೆ, ರಾತ್ರಿ ಏನು ಎಚ್ಚರ ಬೇಕು? ದಿನಾ ಆರು ಬ್ಯಾಟರಿ ಚಾರ್ಜ್ ಮಾಡೋದು ಎಲ್ಲಿ? ಕಬಿನಿ, ಭದ್ರಾ ಜೀಪಿನ ಅಭ್ಯಾಸ ಮಾತ್ರ ಇದೆ.

ಬಯಲುಸೀಮೆ

ಲೆನ್ಸಿನ ದುಡ್ಡನ್ನು ಗಾಡಿಗೆ ಹಾಕಿ.

ಎನ್‌ಡುಟು ಸುತ್ತಲಿನದು ಗಿಡ್ಡ ಹುಲ್ಲಿನ ಬಯಲು. ಜ್ವಾಲಾಮುಖಿಯ ಬೂದಿ ಕೂತು ಅಡಿಯಲ್ಲಿ ಗಟ್ಟಿ ಪದರ ಕಟ್ಟಿಕೊಂಡಿದೆ, ಮರದ ಬೇರು ಇಳಿಯಲ್ಲ. ಆ ಹುಲ್ಲಿನಲ್ಲಿ ಸುಣ್ಣದ ಅಂಶ, ರಂಜಕ ಹೆಚ್ಚು. ವೈಲ್ಡ್‌ಬೀಸ್ಟ್ ಹಿಂಡು ಮರಿ ಹಾಕಲು ಅಲ್ಲಿಗೇ ಬರುವುದು ಅದಕ್ಕೆ. ಬಹುಪಾಲು ಮರಿಗಳು ಫೆಬ್ರವರಿಯ ಆಸುಪಾಸಿನ ಎರಡು-ಮೂರು ವಾರಗಳಲ್ಲೇ ಹುಟ್ಟುತ್ತವೆ. ಬಿದಿರು, ಲಂಟಾನದ ಅಡ್ಡಿ ಇಲ್ಲದ ಜಾಗದಲ್ಲಿ ಕ್ರಾಪ್ ಬಾಡಿಯ 400 ಧಾರಾಳ ಸಾಕು, ಅದರ ನೋಟ ಫುಲ್ ಫ್ರೇಮಿನ (ದೊಡ್ಡ ಸೆನ್ಸರಿನ) 600ರ ಆಸುಪಾಸಿಗೇ ಬರುತ್ತದೆ. ಇನ್ನೂ ದೂರದ್ದನ್ನು ಎಳೆಯಲು ಹೋದರೆ ಬಿಸಿಗಾಳಿ ಕೆಡಿಸುತ್ತದೆ. ಬೆಳಿಗ್ಗೆ 9.30-10ರ ಮೇಲೆ ನೆಲ ಕಾದು ಗಾಳಿ ನಡುಗತೊಡಗಿದರೆ, ನೂರಿನ್ನೂರು ಮೀಟರ್ ಆಚೆಯ ಸಿಂಹದ ಮೀಸೆ ಯಾವ ಲೆನ್ಸಿನಲ್ಲೂ ಚೂಪಾಗಿ ಬರಲ್ಲ. ಫೋಕಸ್ ಕೆಟ್ಟಿದೆ ಎಂದು ಕ್ಯಾಮೆರಾಕ್ಕೆ ಬೈಯುವವರೇ ಜಾಸ್ತಿ.

ಗಾಡಿ ಅಂದರೆ ಸಾಮಾನ್ಯವಾಗಿ ಉದ್ದ ಮಾಡಿದ ಲ್ಯಾಂಡ್ ಕ್ರೂಸರ್, ಮೇಲೆತ್ತುವ ಛಾವಣಿ, ಹಿಂದೆ ಆರೇಳು ಸೀಟು. ನಾಲ್ವರ ಮೇಲೆ ಐದನೆಯವರನ್ನು ಸೇರಿಸಿದರೆ ಖರ್ಚು ಇಳಿಯುತ್ತದೆ, ಫೋಟೊನೂ ಇಳಿಯುತ್ತದೆ. ಬುಕ್ ಮಾಡುವಾಗ ಕಿಟಕಿ ಬಗ್ಗೆ ಕೇಳಿ: ಗಾಜು ಪೂರ್ತಿ ಕೆಳಗಿಳಿಯುತ್ತದೋ, ಪಕ್ಕಕ್ಕೆ ಸರಿಯುತ್ತದೋ? ಸರಿಯುವ ಗಾಜಾದರೆ ಅರ್ಧ ಕಿಟಕಿ ಯಾವಾಗಲೂ ಮುಚ್ಚಿರುತ್ತದೆ. ಛಾವಣಿಯಿಂದ ಹೊಡೆಯುವಾಗ ಕ್ಯಾಮೆರಾ ನೆಲದಿಂದ ಎರಡು ಮೀಟರಿಗೂ ಮೇಲಿರುತ್ತದೆ, ಹತ್ತಿರದ ಚೀತಾದ ಬೆನ್ನೇ ಫೋಟೊ ತುಂಬುತ್ತದೆ. ದೂರದ್ದಕ್ಕೆ ಛಾವಣಿ, ಹತ್ತಿರದ್ದಕ್ಕೆ ಕಿಟಕಿ.

ಬೀನ್‌ಬ್ಯಾಗ್ (ಲೆನ್ಸ್ ಆನಿಸಿಡುವ ಚೀಲ) ಖಾಲಿ ಒಯ್ದು ಅರುಷಾ ಮಾರುಕಟ್ಟೆಯಲ್ಲಿ ಮೂರು ಕೆಜಿಯಷ್ಟು ಅಕ್ಕಿ ಹಾಕಿಸಿ. ಮುಕ್ಕಾಲು ಮಾತ್ರ ತುಂಬಿ. ಬಿಗಿಯಾದರೆ ಲೆನ್ಸ್ ಕೂರದೆ ಉರುಳುತ್ತದೆ. ನಿಂತ ಕೂಡಲೇ ಇಂಜಿನ್ ಆಫ್ ಮಾಡಿಸಿ, ಡೀಸೆಲ್ ನಡುಕ ಚೀಲದ ಮೂಲಕವೂ ಬರುತ್ತದೆ. ಓಡುವ ಚೀತಾಕ್ಕೆ ಶಟರ್ ವೇಗ 1/2000ಕ್ಕಿಂತ ಕೆಳಗಿಳಿಯಬೇಡಿ, ಐಎಸ್‌ಒ ಆಟೊದಲ್ಲಿರಲಿ.

ಇನ್ನೊಂದು, ಎನ್‌ಡುಟು ಗೊರೊಂಗೊರೊ ಸಂರಕ್ಷಿತ ಪ್ರದೇಶಕ್ಕೆ ಸೇರಿದ್ದು, ಸೆರೆಂಗೆಟಿ ರಾಷ್ಟ್ರೀಯ ಉದ್ಯಾನಕ್ಕಲ್ಲ. ಎರಡರ ಶುಲ್ಕವೂ ಬೇರೆ. ಎನ್‌ಡುಟುದಲ್ಲಿ ಮಲಗಿ ಹಗಲು ಸೆರೆಂಗೆಟಿಗೆ ನುಗ್ಗಿದರೆ ಆ ದಿನ ಎರಡು ಕಡೆಯೂ ಕಟ್ಟಬೇಕು. ದಾರಿ ಬಿಟ್ಟು ಬಯಲಿಗಿಳಿಯಲು ಎನ್‌ಡುಟುದಲ್ಲಿ ನಿಯಮಕ್ಕೊಳಪಟ್ಟು ಬಿಡುತ್ತಾರೆ, ಸೆರೊನೆರಾದಲ್ಲಿ ಇಲ್ಲ. ಮೂರು-ಮೂರು ರಾತ್ರಿಯ ಬದಲು ಎನ್‌ಡುಟುಗೆ ನಾಲ್ಕು, ಸೆರೊನೆರಾಕ್ಕೆ ಎರಡು ಮಾಡಿ.

ಕಾಡುಹಾದಿ

ನಾಲ್ಕು-ಎರಡು ಅನ್ನುವ ಮೊದಲು ನೀರಿನ ಲೆಕ್ಕ ಹಾಕಿ. ಎನ್‌ಡುಟು ಕಡೆ ಸಿಗುವುದು ಹೆಚ್ಚಾಗಿ ಸ್ಪೆಷಲ್ ಕ್ಯಾಂಪ್‌ಸೈಟ್, ಅಂದರೆ ನಿಮಗೆಂದೇ ಕಾದಿರಿಸಿದ ಒಂದು ಮರದಡಿ. ನಲ್ಲಿ, ಶೌಚಾಲಯ, ಅಡುಗೆಕೋಣೆ ಏನೂ ಇಲ್ಲ. ಡ್ರೈವರ್, ಅಡುಗೆಯವರು ಸೇರಿ ಆರು ಜನ, ತಲೆಗೆ ದಿನಕ್ಕೆ 10 ಲೀಟರ್ ಹಿಡಿದರೂ ನಾಲ್ಕು ದಿನಕ್ಕೆ 240 ಲೀಟರ್. ಇಪ್ಪತ್ತು ಲೀಟರಿನ ಕ್ಯಾನ್ ಹನ್ನೆರಡು, ತೂಕ ಕಾಲು ಟನ್ನಿನ ಹತ್ತಿರ. ಜೊತೆಗೆ ಟೆಂಟು, ಗ್ಯಾಸ್, ತರಕಾರಿ. ನೀವು ಖಾಲಿ ಇಟ್ಟುಕೊಂಡ ಕಿಟಕಿ ಸೀಟಿನ ಮೇಲೇ ಇದೆಲ್ಲ ಬಂದು ಕೂರುತ್ತದೆ. ಸಾಮಾನಿಗೆ ಬೇರೆ ಗಾಡಿ ಇದ್ದರೆ ನಾಲ್ಕು ರಾತ್ರಿ, ಇಲ್ಲದಿದ್ದರೆ ಮೂರೇ ಸರಿ.

ಸೆರೊನೆರಾದ ಸಾರ್ವಜನಿಕ ಕ್ಯಾಂಪುಗಳಲ್ಲಿ ಶೌಚಾಲಯವೂ ಜಾಲರಿ ಹಾಕಿದ ಅಡುಗೆಕೋಣೆಯೂ ಇರುತ್ತವೆ. ಜಾಲರಿ ಇರುವುದು ಕತ್ತೆಕಿರುಬ, ಬಬೂನ್ ಒಳಗೆ ಬರದಿರಲಿ ಎಂದು. ತಿನ್ನುವ ಪದಾರ್ಥ, ಸೋಪು, ಟೂತ್‌ಪೇಸ್ಟ್ ಯಾವುದೂ ಟೆಂಟಿನಲ್ಲಿ ಬೇಡ. ಮೇಲೆ ಹೇಳಿದ ಅಕ್ಕಿ ಚೀಲವೂ ಗಾಡಿಯಲ್ಲೇ ಇರಲಿ. ಶೂ, ಬೆಲ್ಟು ಮಾತ್ರ ಒಳಗಿರಬೇಕು, ಹೊರಗೆ ಬಿಟ್ಟ ಚರ್ಮದ ಸಾಮಾನನ್ನು ಕತ್ತೆಕಿರುಬ ಹೊತ್ತೊಯ್ಯುತ್ತದೆ. ಜಿಪ್ ತುದಿಯವರೆಗೂ ಎಳೆದಿರಬೇಕು. ಮುಚ್ಚಿದ ಟೆಂಟ್ ಸಿಂಹಕ್ಕೆ ಬರೀ ಒಂದು ಗಟ್ಟಿ ವಸ್ತು. ತಲೆ ಹೊರಗಿಟ್ಟು ಮಲಗಿದರೆ ಮಾತೇ ಬೇರೆ. ರಾತ್ರಿ ಹೊರಬೀಳಲೇಬೇಕಾದರೆ ಮೊದಲು ಜಿಪ್ಪನ್ನು ಒಂದು ಗೇಣು ತೆಗೆದು ಟಾರ್ಚನ್ನು ಸುತ್ತಲೂ ತಿರುಗಿಸಿ. ಹೊಳೆಯುವ ಕಣ್ಣು ಕಂಡರೆ ಒಳಗೇ ಇರಿ, ಮೂತ್ರಕ್ಕೆಂದು ಟೆಂಟಿನಲ್ಲೊಂದು ಬಾಟಲಿ ಇಟ್ಟುಕೊಳ್ಳುವುದು ಮಾಮೂಲು.

ಪ್ರಾಣಿಗಳು ನಡೆದು ಸವೆದ ಜಾಡಿನ ಮೇಲೆ ಟೆಂಟ್ ಬೇಡ. ಸಾಸೇಜ್ ಮರದ ಕೆಳಗೂ ಬೇಡ, ಅದರ ಕಾಯಿ ಐದಾರು ಕೆಜಿ ತೂಗುವುದುಂಟು. ಮಳೆ ಬಿದ್ದ ಮೇಲೆ ಕೆಂಪು-ಕಪ್ಪು ಪಟ್ಟೆಯ ಸಣ್ಣ ಹುಳ ಬೆಳಕಿಗೆ ಬರುತ್ತದೆ, ನೈರೋಬಿ ಫ್ಲೈ ಅಂತಾರೆ. ಮೈಮೇಲೆ ಕೂತರೆ ಊದಿ ಹಾರಿಸಿ. ಹೊಸಕಿದರೆ ಅದರ ರಸಕ್ಕೆ ಚರ್ಮ ಸುಟ್ಟಂತೆ ಬೊಬ್ಬೆ ಏಳುತ್ತದೆ. ಮರ ದಟ್ಟವಿರುವ ಕಡೆ ತ್ಸೆತ್ಸೆ ನೊಣ ಬಟ್ಟೆಯ ಮೇಲಿಂದಲೇ ಕಚ್ಚುತ್ತದೆ. ಅದಕ್ಕೆ ಕಡುನೀಲಿ, ಕಪ್ಪು ಬಣ್ಣ ಇಷ್ಟ. ಜೀನ್ಸ್ ಬಿಟ್ಟು ಖಾಕಿ ಹಾಕಿ. ಸಿಂಬಾ ಕ್ಯಾಂಪ್ ಸುಮಾರು 2,300 ಮೀಟರ್ ಎತ್ತರದಲ್ಲಿದೆ, ಅಲ್ಲಿಗೆ ಬೆಚ್ಚನೆಯ ಸ್ಲೀಪಿಂಗ್ ಬ್ಯಾಗ್ ಬೇಕೇ ಬೇಕು.

ಹನ್ನೆರಡು ವೋಲ್ಟ್

ಚಾರ್ಜಿಂಗ್ ಗಾಡಿಯಲ್ಲೇ, ಓಡುವಾಗಲೇ. ಕ್ಯಾಂಪನ್ನು ನಂಬಬೇಡಿ. ಲೈಟರ್ ಸಾಕೆಟ್ಟಿನ ಹಿಂದೆ ಸಾಮಾನ್ಯವಾಗಿ 10 ಇಲ್ಲವೇ 15 ಆಂಪಿಯರ್ ಫ್ಯೂಸ್ ಇರುತ್ತದೆ. 12 ವೋಲ್ಟಿಗೆ 10 ಆಂಪಿಯರ್ ಅಂದರೆ 120 ವ್ಯಾಟ್. ಅದಕ್ಕೆ 300 ವ್ಯಾಟ್ ಇನ್ವರ್ಟರ್ ಚುಚ್ಚಿ ನಾಲ್ಕು ಜನ ಲ್ಯಾಪ್‌ಟಾಪ್ ಹಾಕಿದರೆ ಫ್ಯೂಸ್ ಹಾರುತ್ತದೆ, ಡ್ರೈವರಿನ ಮೊಬೈಲೂ ಸಾಯುತ್ತದೆ. ಇನ್ವರ್ಟರ್ ನೇರ ಬ್ಯಾಟರಿಗೆ ವೈರ್ ಆಗಿದೆಯಾ ಕೇಳಿ. ಇಲ್ಲವಾದರೆ ಇನ್ವರ್ಟರೇ ಬೇಡ, 45-60 ವ್ಯಾಟಿನ ಟೈಪ್-ಸಿ ಕಾರ್ ಚಾರ್ಜರ್, ಎರಡು ಬ್ಯಾಟರಿ ಕೂರುವ ಯುಎಸ್‌ಬಿ ಚಾರ್ಜರ್ ಎರಡು. ಆರು ಬ್ಯಾಟರಿ ಸೇರಿ ಸುಮಾರು 100 ವ್ಯಾಟ್-ಅವರ್, ದಿನದ ಓಡಾಟದಲ್ಲಿ ಮುಗಿಯುತ್ತದೆ. ಜೊತೆಗೆ 20,000 ಎಂಎಎಚ್ ಪವರ್ ಬ್ಯಾಂಕ್: 74 ವ್ಯಾಟ್-ಅವರ್, ವಿಮಾನದ 100ರ ಮಿತಿಯೊಳಗೇ ಇದೆ. ನಷ್ಟ ಕಳೆದರೆ ಮೂರು ಬ್ಯಾಟರಿ ತುಂಬಬಹುದು. ಬ್ಯಾಟರಿಗಳೆಲ್ಲ ಕೈಚೀಲದಲ್ಲೇ.

600 ಬೇಡ ಅನ್ನುವುದು ನನ್ನ ಮಾತೂ ಹೌದು. ಆದರೆ ಎರಡನೇ ಬಾಡಿ ಬಾಡಿಗೆಗೆ ತಗೊಳ್ಳಿ, ಅಗಲ ನೋಟದ ಲೆನ್ಸ್ ಅದರಲ್ಲೇ ಇರಲಿ. ಎನ್‌ಡುಟು ಧೂಳು ಹಿಟ್ಟಿನಂಥದು, ಕ್ಷಾರದ್ದು. ಗಾಡಿಯೊಳಗೆ ಲೆನ್ಸ್ ಬಿಚ್ಚಿದರೆ ಸೆನ್ಸರ್ ಮೇಲೇ ಕೂರುತ್ತದೆ. ಝೂಮ್ ಮಾಡಿದಾಗ ಉದ್ದವಾಗುವ 100-400 ಪ್ರತಿ ಸಲವೂ ಗಾಳಿ ಎಳೆದುಕೊಳ್ಳುತ್ತದೆ. ಓಡುವಾಗ ಅದನ್ನು 100ಕ್ಕೆ ಮಡಿಸಿ, ದಿಂಬಿನ ಕವರಿನಲ್ಲಿ ಸುತ್ತಿ ತೊಡೆ ಮೇಲಿಡಿ. ಗಾಜನ್ನು ಒಣ ಬಟ್ಟೆಯಲ್ಲಿ ಉಜ್ಜಬೇಡಿ: ಮೊದಲು ಬ್ಲೋವರ್, ಆಮೇಲೆ ಬ್ರಶ್, ಕೊನೆಗೆ ಬಟ್ಟೆ. ರಾತ್ರಿಗೊಮ್ಮೆ ಎಫ್/16ರಲ್ಲಿ (ಲೆನ್ಸಿನ ಕಿಂಡಿ ಕಿರಿದಾಗಿಸಿ) ಬಿಳಿ ಕಾಗದದ ಫೋಟೊ ತೆಗೆದು ಚುಕ್ಕೆ ಇದೆಯಾ ನೋಡಿ.

ಹೊಸನಗರದ ಹಕ್ಕಿ

ಧೂಳಿಗೆ ಕ್ಯಾಮೆರಾನ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಡೋಣ ಅಂತಿದ್ದೆ. ಮಳೆ ಬಂದರೆ ಗಾಡಿ ಹೂತುಹೋಗುತ್ತಾ?

ಬಯಲುಸೀಮೆ

ತಾಂಜಾನಿಯಾದಲ್ಲಿ 2019ರ ಜೂನ್ 1ರಿಂದ ಪ್ಲಾಸ್ಟಿಕ್ ಕೈಚೀಲ ನಿಷೇಧ, ವಿಮಾನ ನಿಲ್ದಾಣದಲ್ಲೇ ಬಿಡಿಸಿಕೊಳ್ಳುತ್ತಾರೆ. ಬಟ್ಟೆ ಚೀಲ, ರೋಲ್ ಮಾಡುವ ಡ್ರೈ ಬ್ಯಾಗ್ ಒಯ್ಯಿರಿ. ಎರೆ ಮಣ್ಣು ಇರುವ ಕಡೆ ಮಳೆಯಾದರೆ ಹೂಳುತ್ತದೆ, ನಮ್ಮ ಗದಗ-ಧಾರವಾಡದ ಹೊಲ ನೋಡಿದವರಿಗೆ ಹೇಳಬೇಕಿಲ್ಲ. ಹೈ-ಲಿಫ್ಟ್ ಜಾಕ್, ಅದರ ಕೆಳಗಿಡಲು ಹಲಗೆ, ಸಲಿಕೆ ಗಾಡಿಯಲ್ಲಿ ಇವೆಯೇ ಎಂದು ಅರುಷಾದಲ್ಲೇ ಕಣ್ಣಾರೆ ನೋಡಿ. ಹಲಗೆ ಇಲ್ಲದಿದ್ದರೆ ಗಾಡಿಯ ಬದಲು ಜಾಕೇ ಕೆಸರಿಗೆ ಇಳಿಯುತ್ತದೆ.

ನೈರೋಬಿ ಇಲ್ಲವೇ ಅಡಿಸ್ ಅಬಾಬಾ ಮೂಲಕ ಹೋಗುವುದಾದರೆ ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳಿ. ಸರ್ಟಿಫಿಕೇಟ್ ಊರ್ಜಿತವಾಗುವುದು ಹತ್ತು ದಿನದ ಮೇಲೆ. ಅದಿಲ್ಲದೆ ವಾಪಸು ಬಂದರೆ ಭಾರತದಲ್ಲಿ ಆರು ದಿನದವರೆಗೂ ಕ್ವಾರಂಟೈನ್ ಮಾಡಬಹುದು. ಮಲೇರಿಯಾ ಮಾತ್ರೆಗೆ ಡಾಕ್ಟರನ್ನು ಕೇಳಿ.